ಮನೆಯ ಕಾರು, ಹದಿನೆಂಟರ ಚಾಲಕ: ವಿಮೆಯ ಲೆಕ್ಕಾಚಾರ

ಮಗನೋ ಮಗಳೋ ಹದಿನೆಂಟು ತುಂಬಿ ಚಾಲನಾ ಪರವಾನಗಿ ಪಡೆದೊಡನೆ ವರ್ತಕರು ವಿಮಾ ಏಜೆಂಟರನ್ನು ಕೇಳುವ ಮೊದಲ ಪ್ರಶ್ನೆ, ‘ಇನ್ನು ಕಂತು ಎಷ್ಟು ಹೆಚ್ಚಾಗುತ್ತದೆ?’ ಎಂಬುದು. ಅಮೆರಿಕ, ಇಂಗ್ಲೆಂಡುಗಳಲ್ಲಿ ನೆಲೆಸಿರುವ ಬಂಧುಗಳಿಂದ ಕೇಳಿದ ಮಾತು ಈ ಪ್ರಶ್ನೆಯ ಹಿಂದೆ ಇರುವುದುಂಟು. ಆ ದೇಶಗಳಲ್ಲಿ ಹದಿಹರೆಯದವರ ಹೆಸರು ಪಾಲಿಸಿಗೆ ಸೇರಿದೊಡನೆ ಮೊತ್ತ ಏರುತ್ತದೆ. ಭಾರತದ ಪದ್ಧತಿ ಬೇರೆ. ಇಲ್ಲಿ ಕಂತು ಮುಖ್ಯವಾಗಿ ವಾಹನವನ್ನು ಅವಲಂಬಿಸಿದೆ: ಅದರ ಮಾದರಿ, ಎಂಜಿನ್ ಸಾಮರ್ಥ್ಯ, ಹಳತನ, ನೋಂದಣಿಯಾದ ಊರು ಮತ್ತು ಪಾಲಿಸಿಯಲ್ಲಿ ಘೋಷಿಸಿದ ಮೌಲ್ಯ. ಚಾಲಕನಿಗೆ ಹದಿನೆಂಟೋ ಐವತ್ತೋ ಎಂದು ಸಾಮಾನ್ಯ ಪಾಲಿಸಿಯು ಕೇಳುವುದಿಲ್ಲ. ಹಾಗೆಂದು ಎಳೆಯ ಚಾಲಕನಿಂದ ವೆಚ್ಚವೇ ಇಲ್ಲವೆಂದಲ್ಲ. ಆ ವೆಚ್ಚ ಕಂತಿನ ರಸೀದಿಯಲ್ಲಿ ಕಾಣದೆ, ಯಾರೂ ಓದದ ಷರತ್ತುಗಳಲ್ಲಿ ಅಡಗಿರುತ್ತದೆ.

ಪಾಲಿಸಿಯಲ್ಲಿ ಎರಡು ಭಾಗಗಳಿವೆ. ಮೂರನೇ ವ್ಯಕ್ತಿಗೆ ಆಗುವ ಹಾನಿಯ ವಿಮೆ ಕಾನೂನಿನ ಪ್ರಕಾರ ಕಡ್ಡಾಯ. ಅದರ ದರವನ್ನು ಸರ್ಕಾರವೇ ನಿಗದಿಪಡಿಸುವುದರಿಂದ ಚೌಕಾಸಿಗೆ ಅವಕಾಶವಿಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ 2,094 ರೂ., 1500 ಸಿ.ಸಿ.ವರೆಗೆ 3,416 ರೂ., ಅದಕ್ಕೂ ಮೇಲ್ಪಟ್ಟು 7,897 ರೂ. ವಾರ್ಷಿಕ ದರವಿತ್ತು. ಎರಡನೆಯದು ಸ್ವಂತ ವಾಹನದ ಹಾನಿಯ ಭಾಗ. 2007ರ ಜನವರಿಯಲ್ಲಿ ಈ ಭಾಗದ ಟಾರಿಫ್ ರದ್ದಾದ ಬಳಿಕ ಕಂಪನಿಯಿಂದ ಕಂಪನಿಗೆ ದರ ಬದಲಾಗುತ್ತದೆ. ಆದ್ದರಿಂದ ಉಳಿತಾಯಕ್ಕೆ ದಾರಿಯಿರುವುದು ಇಲ್ಲಿ ಮಾತ್ರ.

ಈ ಭಾಗದಲ್ಲಿ ಎಲ್ಲಕ್ಕಿಂತ ದೊಡ್ಡ ಆಸ್ತಿ ನೋ ಕ್ಲೇಮ್ ಬೋನಸ್. ಪರಿಹಾರ ಕೇಳದೆ ಕಳೆದ ಪ್ರತಿ ವರ್ಷಕ್ಕೂ ರಿಯಾಯಿತಿ 20, 25, 35, 45 ಎಂದು ಏರುತ್ತ ಐದನೆಯ ವರ್ಷದ ನಂತರ ಶೇ. 50ಕ್ಕೆ ತಲುಪುತ್ತದೆ. ಒಬ್ಬ ವರ್ತಕರ ಕಾರಿನ ಸ್ವಂತ ಹಾನಿ ಕಂತು 12,000 ರೂ. ಇದ್ದು, ಬೋನಸ್ ಕಳೆದು 6,000 ರೂ. ಪಾವತಿಸುತ್ತಿದ್ದಾರೆಂದು ಭಾವಿಸಬಹುದು. ಮಗ ಹಿಮ್ಮುಖವಾಗಿ ಕಾರು ತೆಗೆಯುವಾಗ ಬಂಪರ್ ಕಂಬಕ್ಕೆ ತಗುಲಿ 6,000 ರೂ. ಗ್ಯಾರೇಜ್ ಬಿಲ್ ಬರುತ್ತದೆ. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ, ಜೊತೆಗೆ 1,000 ರೂ. ಕಡ್ಡಾಯ ಕಡಿತ ಕಳೆದರೆ ಕಂಪನಿಯಿಂದ ದೊರೆಯುವುದು ಮೂರು ಸಾವಿರದ ಆಸುಪಾಸು. ಆದರೆ ಬೋನಸ್ ಸೊನ್ನೆಗೆ ಇಳಿದು ಮತ್ತೆ ಮೊದಲಿನಿಂದ ಏರಬೇಕಾಗುತ್ತದೆ. ಮುಂದಿನ ಐದು ನವೀಕರಣಗಳಲ್ಲಿ ಕ್ರಮವಾಗಿ 6,000, 3,600, 3,000, 1,800 ಮತ್ತು 600 ರೂ., ಒಟ್ಟು 15,000 ರೂ. ಹೆಚ್ಚುವರಿ ಹೊರೆ, ಇದರ ಮೇಲೆ ಜಿ.ಎಸ್.ಟಿ. ಬೇರೆ. ಕಾರಿನ ಮೌಲ್ಯ ವರ್ಷವರ್ಷವೂ ಇಳಿಯುವುದರಿಂದ ಈ ಮೊತ್ತ ಸ್ವಲ್ಪ ತಗ್ಗಬಹುದು, ನಷ್ಟವಂತೂ ತಪ್ಪದು. ಸಣ್ಣಪುಟ್ಟ ಗೀರುಗಳು ಹೊಸ ಚಾಲಕನಿಂದ ಆಗುವಂಥವೇ. ಅವುಗಳಿಗೆ ಕೈಯಿಂದಲೇ ಹಣ ತೆರುವುದು ಲೇಸು. ಹೇಗಿದ್ದರೂ ಸಣ್ಣ ಮೊತ್ತಕ್ಕೆ ಪರಿಹಾರ ಕೇಳುವುದಿಲ್ಲವೆಂದ ಮೇಲೆ, ಸ್ವಯಂಪ್ರೇರಿತ ಕಡಿತವನ್ನು ಒಪ್ಪಿ ಕಂತಿನಲ್ಲಿ ಇನ್ನಷ್ಟು ರಿಯಾಯಿತಿ ಪಡೆಯುವುದೂ ವಿವೇಕವೇ.

ಪರವಾನಗಿ ಎಂಬ ಷರತ್ತು

ವ್ಯವಹಾರಸ್ಥರನ್ನು ನಿಜವಾಗಿ ಮುಳುಗಿಸಬಲ್ಲದ್ದು ಬಂಪರ್ ಅಲ್ಲ, ಕೀಲಿ. ಚಾಲಕನಲ್ಲಿ ಸಿಂಧುವಾದ ಪರವಾನಗಿ ಇರಬೇಕೆಂಬುದು ಪ್ರತಿ ಪಾಲಿಸಿಯ ಷರತ್ತು. ಎಲ್.ಎಲ್.ಆರ್. ಇದ್ದರೂ ಸಾಕು, ಆದರೆ ಪಕ್ಕದಲ್ಲಿ ಪರವಾನಗಿದಾರರು ಕುಳಿತಿರಬೇಕು, ಕಾರಿನ ಮುಂದೆ ಹಿಂದೆ ‘ಎಲ್’ ಫಲಕವಿರಬೇಕು. ಹದಿನೇಳರ ಹುಡುಗ ಅಂಗಡಿಯಿಂದ ಮನೆಗೆಂದು ಕಾರು ಒಯ್ದು ಪಾದಚಾರಿಯೊಬ್ಬರಿಗೆ ಡಿಕ್ಕಿ ಹೊಡೆದರೆ, ನ್ಯಾಯಮಂಡಳಿಯು ಸಾಮಾನ್ಯವಾಗಿ ವಿಮಾ ಕಂಪನಿಗೆ ಮೊದಲು ಪರಿಹಾರ ಪಾವತಿಸಿ ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಆದೇಶಿಸುತ್ತದೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಷರತ್ತಿನ ಉಲ್ಲಂಘನೆಯಲ್ಲಿ ಮಾಲೀಕನ ತಪ್ಪಿತ್ತೆಂದು ಕಂಪನಿ ಸಿದ್ಧಪಡಿಸಬೇಕೆಂದು ಹೇಳಿತು. ತಂದೆಯೇ ಕೀಲಿ ಕೊಟ್ಟಿರುವಾಗ ಅದನ್ನು ಸಿದ್ಧಪಡಿಸುವುದು ಕಷ್ಟವಲ್ಲ. ಸಾವು ಮತ್ತು ಗಾಯದ ಪರಿಹಾರಕ್ಕೆ ಮೇಲ್ಮಿತಿಯಿಲ್ಲ. ಏಕಮಾಲೀಕತ್ವದ ಸಂಸ್ಥೆಯಾದರೆ ಅಂಗಡಿಯ ಬಂಡವಾಳಕ್ಕೂ ಮನೆಯ ಆಸ್ತಿಗೂ ನಡುವೆ ಗೋಡೆಯಿಲ್ಲ. ವಸೂಲಿ ಎರಡನ್ನೂ ಮುಟ್ಟುತ್ತದೆ.

ಇದರ ಜೊತೆಗೆ, 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ 199ಎ ಕಲಮಿನಂತೆ ಅಪ್ರಾಪ್ತ ವಯಸ್ಕನ ಅಪರಾಧಕ್ಕೆ ಪೋಷಕರು ಅಥವಾ ವಾಹನದ ಮಾಲೀಕರು ಹೊಣೆಗಾರರು. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂ. ದಂಡ, ಹನ್ನೆರಡು ತಿಂಗಳು ನೋಂದಣಿ ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ.

ಚಾಲಕನಿಗೇ ರಕ್ಷಣೆ ಇಲ್ಲದಿರುವುದು

ಪರವಾನಗಿ ಇದ್ದರೂ ಉಳಿಯುವ ಕೊರತೆ ಇನ್ನೊಂದಿದೆ. ಇಳಕಲ್ಲು–ಕುಷ್ಟಗಿ ಹೆದ್ದಾರಿಯಲ್ಲಿ, ಬೇರೊಬ್ಬರ ಮೋಟಾರ್ ಸೈಕಲ್ ಎರವಲು ಪಡೆದು ಊರಿಗೆ ಹೊರಟಿದ್ದ ವ್ಯಕ್ತಿಯೊಬ್ಬರು, ಮುಂದೆ ತಗಡು ಹೇರಿಕೊಂಡು ಹೋಗುತ್ತಿದ್ದ ಎತ್ತಿನ ಗಾಡಿ ಹಠಾತ್ತನೆ ನಿಂತಾಗ ಅದಕ್ಕೆ ಡಿಕ್ಕಿ ಹೊಡೆದು ಮೃತಪಟ್ಟರು. ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವಾಹನ ಎರವಲು ಪಡೆದವನು ಮಾಲೀಕನ ಸ್ಥಾನದಲ್ಲಿಯೇ ನಿಲ್ಲುತ್ತಾನೆ, ಆದಕಾರಣ ಅಂದಿನ 163ಎ ಕಲಮಿನಡಿ ಅವನ ವಾರಸುದಾರರು ಪರಿಹಾರ ಕೇಳುವಂತಿಲ್ಲ ಎಂದು 2009ರಲ್ಲಿ ತೀರ್ಪಾಯಿತು. ತಂದೆಯ ಕಾರು ಓಡಿಸುವ ಮಗನ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಪಾಲಿಸಿಯ ಜೊತೆ ಬರುವ 15 ಲಕ್ಷ ರೂ. ಕಡ್ಡಾಯ ವೈಯಕ್ತಿಕ ಅಪಘಾತ ರಕ್ಷಣೆ ಪರವಾನಗಿ ಹೊಂದಿರುವ ನೋಂದಾಯಿತ ಮಾಲೀಕನಿಗೆಂದು ಬರೆದದ್ದು. ಅದು ಮಗನಿಗೆ ದೊರೆಯುತ್ತದೆಂದು ನಂಬಿ ಕೂರುವಂತಿಲ್ಲ. ಕಾರು ಕಂಪನಿಯ ಅಥವಾ ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿದ್ದರೆ ಈ ರಕ್ಷಣೆಯೇ ಇರುವುದಿಲ್ಲ. ಆದಾಯ ತೆರಿಗೆಯಲ್ಲಿ ಸವಕಳಿ ಸಿಗುವುದೆಂದು ಸಂಸ್ಥೆಯ ಹೆಸರಿನಲ್ಲಿ ಕಾರು ಕೊಳ್ಳುವವರು ಇದನ್ನು ಗಮನಿಸುವುದು ವಿರಳ.

ಪರಿಹಾರ ದುಬಾರಿಯಲ್ಲ. ಚಾಲಕನ ಹೆಸರಿನಲ್ಲೇ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿ ಪಡೆದರೆ ಅದು ವಾಹನವನ್ನು ನೋಡದೆ ವ್ಯಕ್ತಿಯನ್ನು ಹಿಂಬಾಲಿಸುತ್ತದೆ. ಗೆಳೆಯನ ಬೈಕಾದರೂ ಸರಿಯೇ. 2021ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಜಾರಿಗೆ ತಂದ ‘ಸರಳ್ ಸುರಕ್ಷಾ ಬಿಮಾ’ ಎಂಬ ಏಕರೂಪದ ಪಾಲಿಸಿಯನ್ನು ಹದಿನೆಂಟು ತುಂಬಿದವರಿಗೆ 2.5 ಲಕ್ಷದಿಂದ ಒಂದು ಕೋಟಿ ರೂ.ವರೆಗೆ ರೂಪಿಸಲಾಗಿದೆ. ತಂದೆಗೆ ಚಾಲನೆಯೇ ಬಾರದ ಮನೆಗಳಲ್ಲಿ ಹೊಸ ಕಾರನ್ನು ಪರವಾನಗಿಯುಳ್ಳ ಮಗ ಅಥವಾ ಮಗಳ ಹೆಸರಿನಲ್ಲಿ ಕೊಳ್ಳುವುದೂ ಒಂದು ಮಾರ್ಗ. ಹಳೆಯ ಕಾರನ್ನು ವರ್ಗಾಯಿಸುವವರು ಮಾತ್ರ ಒಂದು ಎಚ್ಚರ ವಹಿಸಬೇಕು: ಬೋನಸ್ ಮಾಲೀಕನಿಗೆ ಸೇರಿದ್ದು, ಕಾರಿಗಲ್ಲ. ವರ್ಗಾವಣೆಯಾದ ಕಾರಿಗೆ ಮಗನು ಸೊನ್ನೆಯಿಂದ ಆರಂಭಿಸಬೇಕಾಗುತ್ತದೆ. ತಂದೆಯು ಕಂಪನಿಯಿಂದ ಬೋನಸ್ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷಗಳೊಳಗೆ ಕೊಳ್ಳುವ ತಮ್ಮ ಮುಂದಿನ ಕಾರಿಗೆ ಅದನ್ನು ಬಳಸಬಹುದು.

ವ್ಯಾಪಾರಿ ಕುಟುಂಬಗಳಿಗೆ ಮಾತ್ರ ಸಂಬಂಧಿಸಿದ ಒಂದು ಷರತ್ತೂ ಉಂಟು. ಖಾಸಗಿ ಕಾರಿನ ಪಾಲಿಸಿಯು ಮಾದರಿ ಸರಕು ಮತ್ತು ಸ್ವಂತ ಸಾಮಾನು ಬಿಟ್ಟು ಬೇರೆ ಸರಕು ಸಾಗಣೆಯನ್ನು ಒಪ್ಪುವುದಿಲ್ಲ. ಹಬ್ಬದ ಸಮಯದಲ್ಲಿ ಗೋದಾಮಿನಿಂದ ಅಂಗಡಿಗೆ ನಾಲ್ಕು ಮೂಟೆ ತರಲು ಮಗನನ್ನು ಕಾರಿನೊಡನೆ ಕಳುಹಿಸುವಾಗ, ಪರವಾನಗಿ ಸರಿಯಿದ್ದರೂ ಕಂಪನಿಯು ಆಕ್ಷೇಪಣೆ ಎತ್ತಲು ಅಷ್ಟೇ ಸಾಕು. ಅಂಗಡಿಯ ಸರಕು ವಾಹನವನ್ನೇ ಕೊಟ್ಟು ಕಳುಹಿಸೋಣವೆಂದರೆ, ಸಾರಿಗೆ ವಾಹನ ಚಾಲನೆಗೆ ಮೋಟಾರು ವಾಹನ ಕಾಯ್ದೆಯ 4ನೇ ಕಲಮು ಹೇಳುವ ವಯಸ್ಸು ಹದಿನೆಂಟಲ್ಲ, ಇಪ್ಪತ್ತು.