ಮೂರು ಕಾಲಂಗಳಲ್ಲಿ ಹಿಡಿಯದ ನೇಪಾಳ

ಬೋಧನಾಭ್ಯಾಸದ ಎರಡನೆಯ ವಾರ. ರಾಯಚೂರು ಜಿಲ್ಲೆಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ‘ನೇಪಾಳದ ಪರಂಪರೆಯ ತಾಣಗಳು’ ಎಂಬ ಪಾಠ ಮಾಡಿದೆ. ಪಾಠಯೋಜನೆಯಲ್ಲೂ ಚಾರ್ಟಿನಲ್ಲೂ ಮೂರು ಕಾಲಂ ಎಳೆದಿದ್ದೆ: ಸಾಂಸ್ಕೃತಿಕ, ಧಾರ್ಮಿಕ, ನೈಸರ್ಗಿಕ. ಅರಮನೆ ಚೌಕಗಳು ಮೊದಲನೆಯದರಲ್ಲಿ. ಪಶುಪತಿನಾಥ, ಸ್ವಯಂಭೂ, ಲುಂಬಿನಿ ಎರಡನೆಯದರಲ್ಲಿ. ಚಿತ್ವನ್ ಮತ್ತು ‘ಸಾಗರಮಾತಾ’ ಮೂರನೆಯದರಲ್ಲಿ. (ಅದು ‘ಸಗರಮಾಥಾ’. ನೇಪಾಳಿಯಲ್ಲಿ ಮಾಥಾ ಎಂದರೆ ತಲೆ. ತಾಯಿಗೂ ಅದಕ್ಕೂ ಸಂಬಂಧವಿಲ್ಲ. ಚಾರ್ಟಿನಲ್ಲಿ ನಾನು ಮಾಡಿದ ಮೊದಲ ತಪ್ಪು ಅದು.)

ಪಾಠ ಸರಾಗವಾಗಿ ಸಾಗಿತ್ತು. ಲುಂಬಿನಿಯ ಅಶೋಕ ಸ್ತಂಭದ ಚಿತ್ರ ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ಇಂವ ನಮ್ಮ ಮಸ್ಕಿ ಅಶೋಕನ ಏನ್ರಿ? ರಾಜ ನಿಲ್ಲಿಸಿದ ಕಂಬ ಅಂದ್ರ ಇತಿಹಾಸ ಅಲ್ಲೇನ್ರಿ, ಧಾರ್ಮಿಕದಾಗ ಯಾಕ ಬರದೀರಿ?” ಗಡಿಯಾರ ನೋಡಿದೆ. ಮೌಲ್ಯಮಾಪನದ ಹಂತ ಬಾಕಿಯಿತ್ತು. “ಆಮೇಲೆ ನೋಡೋಣ, ಕೂತ್ಕೊ” ಎಂದೆ. ಐದು ಪ್ರಶ್ನೆ ಕೇಳಿದೆ, ಐದಕ್ಕೂ ಸರಿ ಉತ್ತರ ಬಂತು. ನಾನು ಖುಷಿಯಾಗಿದ್ದೆ. ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಒಂದೇ ಸಾಲು: ಈ ಅವಧಿಯ ಒಳ್ಳೆಯ ಪ್ರಶ್ನೆಯನ್ನು ನೀವು ಕೂರಿಸಿಬಿಟ್ಟಿರಿ.

ಆ ರಾತ್ರಿ ಯುನೆಸ್ಕೋ ಪಟ್ಟಿಯನ್ನು ಮತ್ತೆ ನೋಡಿದೆ. ಅದರಲ್ಲಿ ‘ಧಾರ್ಮಿಕ’ ಎಂಬ ವಿಭಾಗವೇ ಇಲ್ಲ. ಸಾಂಸ್ಕೃತಿಕ, ನೈಸರ್ಗಿಕ, ಮಿಶ್ರ ಇಷ್ಟೇ. ನೇಪಾಳದ ನಾಲ್ಕು ತಾಣಗಳಲ್ಲಿ ಕಠ್ಮಂಡು ಕಣಿವೆ (1979), ಲುಂಬಿನಿ (1997) ಸಾಂಸ್ಕೃತಿಕ. ಸಗರಮಾಥಾ (1979), ಚಿತ್ವನ್ (1984) ನೈಸರ್ಗಿಕ. ಕಣಿವೆಯ ಏಳು ನೆಲೆಗಳು ಸೇರಿ ಒಂದು ತಾಣ. ಕಠ್ಮಂಡು, ಪಾಟನ್, ಭಕ್ತಪುರಗಳ ಅರಮನೆ ಚೌಕಗಳ ಜೊತೆಗೇ ಸ್ವಯಂಭೂ, ಬೌದ್ಧನಾಥ, ಪಶುಪತಿ, ಚಂಗುನಾರಾಯಣ. ಅರಮನೆಯನ್ನೂ ಗುಡಿಯನ್ನೂ ಬೇರೆ ಮಾಡಿದವನು ನಾನೇ.

ಅನುಮತಿ ಪಡೆದು ಅದೇ ತರಗತಿಗೆ ಇನ್ನೊಂದು ಅವಧಿ ತೆಗೆದುಕೊಂಡೆ. ಚಾರ್ಟ್ ಒಯ್ಯಲಿಲ್ಲ. ತಾಣಗಳ ಹೆಸರು ಬರೆದ ಚೀಟಿ, ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ: ಇಲ್ಲಿಗೆ ಯಾರು ಬರುತ್ತಾರೆ? ಇದನ್ನು ಯಾರು ನೋಡಿಕೊಳ್ಳುತ್ತಾರೆ?

ಆ ಹುಡುಗನ ಪ್ರಶ್ನೆಯಿಂದಲೇ ಶುರು ಮಾಡಿದೆ. ಹೌದು, ಅದೇ ಅಶೋಕ. 1915ರಲ್ಲಿ ಮಸ್ಕಿಯಲ್ಲಿ ದೊರೆತ ಶಾಸನದ ಬ್ರಾಹ್ಮಿ ಲಿಪಿಯೇ ಆ ಕಂಬದ ಮೇಲೂ ಇದೆ. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷವಾದಾಗ ಸ್ವತಃ ಬಂದು ಪೂಜೆ ಮಾಡಿದ್ದನ್ನು ಅದು ಹೇಳುತ್ತದೆ. ಬುದ್ಧ ಹುಟ್ಟಿದ ಊರೆಂದು ಲುಂಬಿನಿಯ ತೆರಿಗೆ ಬಿಟ್ಟು, ಬೆಳೆಯ ಪಾಲನ್ನು ಎಂಟನೇ ಒಂದಕ್ಕೆ ಇಳಿಸಿದ್ದನ್ನೂ ಹೇಳುತ್ತದೆ. ತೆರಿಗೆ ಎಂದೊಡನೆ ರೈತರ ಮಕ್ಕಳು ಕಿವಿ ನಿಮಿರಿಸಿದರು. “ಹಂಗಾದ್ರ ಎಲ್ಲಾ ಕಾಲಂದಾಗೂ ಬರಿಬೇಕ್ರಿ” ಎಂದ ಅವನು.

ಹಿಮಾಲಯದ ದೇಶವೆಂದರೆ ಹಿಮವೇ ಎಂದುಕೊಂಡಿದ್ದವರಿಗೆ ಎತ್ತರದ ಲೆಕ್ಕ ಕೊಟ್ಟೆ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್, ಲುಂಬಿನಿ ಸುಮಾರು 150. ತರಗತಿ ನಂಬಲಿಲ್ಲ, ಭೂಪಟದಲ್ಲಿ ತರಾಯಿ ಬಯಲು ತೋರಿಸಬೇಕಾಯಿತು. ಒಂಟಿಕೊಂಬಿನ ಘೇಂಡಾಮೃಗಗಳ ಚಿತ್ವನ್ ಕೂಡ ಆ ತಗ್ಗಿನಲ್ಲೇ ಇದೆ.

ಸಗರಮಾಥಾ ‘ನೈಸರ್ಗಿಕ’ ಎಂದು ದಾಖಲಾಗಿದ್ದರೂ ಉದ್ಯಾನದ ಒಳಗೇ ಶೆರ್ಪಾ ಊರುಗಳಿವೆ, ತೆಂಗ್‌ಬೋಚೆ ಬೌದ್ಧ ಮಠವಿದೆ. ಖುಂಬಿಲಾ ಶಿಖರ ತಮ್ಮನ್ನು ಕಾಯುವ ದೇವರ ನೆಲೆಯೆಂದು ಶೆರ್ಪಾಗಳು ಅದನ್ನು ಹತ್ತುವುದಿಲ್ಲ. ಪಶುಪತಿನಾಥನ ಚೀಟಿ ಬಂದಾಗ, ಅಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣ ಭಾರತದವರು, ಕರ್ನಾಟಕದವರೂ ಇದ್ದಾರೆ, ಅವರಿಗೆ ನೆರವಾಗುವ ಭಂಡಾರಿಗಳು ಅಲ್ಲಿನ ನೇವಾರರು ಎಂದೆ. “ಕನ್ನಡ ಮಾತಾಡ್ತಾರೇನ್ರಿ ಅಲ್ಲಿ?” ಎಂದು ಮೂರು ಕಡೆಯಿಂದ ಕೇಳಿದರು.

ಕಠ್ಮಂಡುವಿನ ಹನುಮಾನ್ ಢೋಕಾ ಚೌಕದ ಬಳಿ ಇರುವ ಕುಮಾರಿ ಘರ್ ಚೀಟಿಗೆ ಬಂದಾಗ ಪಾಠ ನನ್ನ ಕೈಮೀರಿತು. ಬೌದ್ಧ ಶಾಕ್ಯ ಮನೆತನದ ಪುಟ್ಟ ಹುಡುಗಿಯನ್ನು ಆರಿಸಿ, ತಲೇಜು ದೇವಿಯೆಂದು ಹಿಂದೂಗಳೂ ಬೌದ್ಧರೂ ಪೂಜಿಸುತ್ತಾರೆ. ಋತುಮತಿಯಾಗುವ ಹೊತ್ತಿಗೆ ಆಕೆಯ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ಇದನ್ನು ಹೇಳುವಾಗ ಹೆಣ್ಣುಮಕ್ಕಳ ಸಾಲು ಪೂರಾ ಸುಮ್ಮನಾಯಿತು. ನಂತರ ಒಬ್ಬಳು, “ಆಕಿ ಸಾಲಿಗಿ ಹೋಗ್ತಾಳೇನ್ರಿ ಸರ್?” ಎಂದಳು. ಆಕೆಗೆ ಓದುವ ಹಕ್ಕಿದೆ ಎಂದು ನೇಪಾಳದ ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಹೇಳಿದೆ, ಶಿಕ್ಷಕರು ಅಲ್ಲಿಗೇ ಹೋಗಿ ಕಲಿಸುತ್ತಾರೆ ಎಂದೆ. “ಮನಿಗಿ ಹೊಳ್ಳಿ ಬಂದ ಮ್ಯಾಲ?”

ಗಂಟೆ ಹೊಡೆಯಿತು. ಮೌಲ್ಯಮಾಪನದ ಹಂತ ಮುಟ್ಟಲೇ ಇಲ್ಲ. ಅದಕ್ಕೆ ಉಪನ್ಯಾಸಕರು ಅಂಕ ಕಳೆದರು, ನ್ಯಾಯವೇ. ಹುಡುಗಿಯ ಪ್ರಶ್ನೆಯನ್ನು ಅಳಿಸಬೇಡಿರೆಂದು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು ಬಂದೆ. ಮುಂದಿನ ಪಾಠಯೋಜನೆಯ ಪೀಠಿಕೆ ಅದೇ.