ಗವಿಯಿಂದ ಗಿರಿಗೆ: ಆರೋಹಣ ಸಾಧನಗಳ ವಿಕಾಸ

ಸಂಸ್ಕೃತದ ‘ಗುಹ್’ ಧಾತುವಿಗೆ ಮರೆಮಾಡು ಎಂದರ್ಥ. ಅದರಿಂದ ನಿಷ್ಪನ್ನವಾದ ‘ಗುಹೆ’ ಎಂಬ ಪದ ಮರೆಯಾದ ಎಡೆಯನ್ನು ಸೂಚಿಸುತ್ತದೆ. ಅಲ್ಲಮಪ್ರಭುದೇವರು ‘ಗುಹೇಶ್ವರ’ ಎಂಬ ಅಂಕಿತದಿಂದ ಆ ಪದವನ್ನು ಶರಣಸಾಹಿತ್ಯದಲ್ಲಿ ಚಿರಸ್ಥಾಯಿಗೊಳಿಸಿದ್ದಾರೆ. ಗಿರಿಯಾದರೋ ಎಲ್ಲರ ಕಣ್ಣಿಗೂ ಕಾಣುವಂತೆ ತಲೆಯೆತ್ತಿ ನಿಂತದ್ದು. ಗಿರಿಯನ್ನೇರಿದವರ ಕೀರ್ತಿ ಲೋಕದಲ್ಲಿ ಹರಡುತ್ತದೆ. ಗವಿಯೊಳಕ್ಕೆ ಇಳಿದವರ ಸಾಹಸವನ್ನು ಬಲ್ಲವರು ವಿರಳ. ಆದರೂ ಇಂದು ಪರ್ವತಾರೋಹಿಗಳು ತಮ್ಮ ಜೀವವನ್ನೇ ನಂಬಿ ಒಪ್ಪಿಸುವ ಹಲವು ಸಾಧನಗಳು ರೂಪುಗೊಂಡದ್ದು, ಪರಿಷ್ಕಾರ ಹೊಂದಿದ್ದು ಗವಿಗಳ ಕತ್ತಲೆಯಲ್ಲಿ ಎಂಬುದು ಗಮನಾರ್ಹ.

ಇದಕ್ಕೆ ಕಾರಣ ಸ್ಪಷ್ಟವಾಗಿದೆ. ಪರ್ವತಾರೋಹಿ ಮೊದಲು ಏರುತ್ತಾನೆ, ಅನಂತರ ಇಳಿಯುತ್ತಾನೆ. ಬಲ ಕುಂದಿದರೆ ನಡುವಿನಿಂದಲೇ ಹಿಂದಿರುಗಬಹುದು. ಗವಿಗಿಳಿದವನ ಪಾಡು ಇದಕ್ಕೆ ವಿಲೋಮವಾದುದು. ಅವನಿಗೆ ಇಳಿಯುವುದು ಮೊದಲು, ಏರುವುದು ಕೊನೆಗೆ. ಅದೂ ಮೈ ನೆನೆದು, ಕೈ ಮರಗಟ್ಟಿ, ದೇಹ ಬಳಲಿದ ಹೊತ್ತಿನಲ್ಲಿ. ಇದಲ್ಲದೆ ಪರ್ವತದಲ್ಲಿ ಬಂಡೆಯೇ ದಾರಿ, ಹಗ್ಗ ಕೇವಲ ಕಾವಲು. ಗವಿಯೊಳಗಿನ ಆಳವಾದ ಬಾವಿಯಲ್ಲಾದರೋ ಗೋಡೆ ಕೈಗೆಟುಕದು. ಅಲ್ಲಿ ಹಗ್ಗವೇ ದಾರಿ. ಈ ಭೇದದಿಂದಲೇ ಹೊಸ ಸಾಧನಗಳ ಅಗತ್ಯ ಹುಟ್ಟಿತು.

ಮೊದಮೊದಲು ಗುಹಾನ್ವೇಷಕರು ನೂಲೇಣಿಗಳನ್ನು ಬಳಸುತ್ತಿದ್ದರು. ಅವು ನೆನೆದಾಗ ಹೊರಲಾರದಷ್ಟು ಭಾರವಾಗುತ್ತಿದ್ದವು. ಫ್ರಾನ್ಸಿನ ರಾಬರ್ಟ್ ದ ಜೋಲಿ ತಂತಿಹಗ್ಗಕ್ಕೆ ಹಗುರ ಲೋಹದ ಮೆಟ್ಟಿಲುಗಳನ್ನು ಜೋಡಿಸಿದ ಏಣಿಯನ್ನು ಬಳಕೆಗೆ ತಂದನು. ಆದರೆ ನಿಜವಾದ ಪರಿವರ್ತನೆ ನಡೆದದ್ದು ಗ್ರೆನೋಬ್ಲ್ ನಗರದ ಸಮೀಪದ ದಾಂ ದ ಕ್ರೋಲ್ ಪರ್ವತದ ಗರ್ಭದಲ್ಲಿ. ಪಿಯೆರ್ ಶೆವಾಲ್ಯೆ, ಫರ್ನಾಂಡ್ ಪೆಟ್ಜಲ್ ಮೊದಲಾದವರು ಆ ಗವಿಜಾಲವನ್ನು 1930ರ ದಶಕದಿಂದ ಶೋಧಿಸತೊಡಗಿದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಸಾಧನಗಳೇ ದೊರೆಯದಿದ್ದಾಗ ಅವರು ಕೈಚೆಲ್ಲಿ ಕೂರಲಿಲ್ಲ. ಬೇಕಾದುದನ್ನು ತಾವೇ ನಿರ್ಮಿಸಿಕೊಂಡರು. ಶೆವಾಲ್ಯೆಯ ಸಂಗಡಿಗ ಹೆನ್ರಿ ಬ್ರೆನೋ ರೂಪಿಸಿದ, ‘ಕೋತಿ’ ಎಂಬ ಅಡ್ಡಹೆಸರಿನ ಹಗ್ಗವೇರುವ ಯಂತ್ರವನ್ನು 1934ರಲ್ಲಿಯೇ ಗವಿಯಲ್ಲಿ ಪ್ರಯೋಗಿಸಲಾಗಿತ್ತು. 1942ರಲ್ಲಿ ಈ ತಂಡ ನೈಲಾನ್ ಹಗ್ಗವನ್ನು ಬಳಸಿತು. ನಾರಿನ ಹಗ್ಗ ನೀರು ಕುಡಿದು ಬಿರುಸಾಗಿ ಕೊಳೆಯುವಂಥದು, ನೈಲಾನ್ ಕೊಳೆಯದು. 1947ರಲ್ಲಿ 658 ಮೀಟರ್ ಆಳ ತಲುಪಿದ ಈ ಗವಿ, ಅಂದು ಶೋಧಿಸಲ್ಪಟ್ಟಿದ್ದ ಗವಿಗಳಲ್ಲೆಲ್ಲ ಅತ್ಯಂತ ಆಳವಾದುದೆನಿಸಿತು.

ಗಿರಿಯೂ ಗವಿಗೆ ಕೊಡುಗೆ ನೀಡದಿರಲಿಲ್ಲ. ಆಸ್ಟ್ರಿಯದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪ್ರಚುರಪಡಿಸಿದ ಗಂಟೂ, ಸ್ವಿಟ್ಜರ್ಲೆಂಡಿನ ಯೂಸಿ ಮತ್ತು ಮಾರ್ಟಿ 1958ರಲ್ಲಿ ಹೊರತಂದ ‘ಜುಮಾರ್’ ಎಂಬ ಹಿಡಿಕೆಯೂ ಗುಹಾನ್ವೇಷಕರಿಗೆ ನೆರವಾದವು. ಜುಮಾರಿನಲ್ಲಿ ಹಲ್ಲುಳ್ಳ ಒಂದು ಕೀಲಿದೆ. ಅದು ಹಗ್ಗದ ಮೇಲೆ ಮೇಲ್ಮುಖವಾಗಿ ಸಲೀಸಾಗಿ ಸರಿಯುತ್ತದೆ; ಕೆಳಗೆ ಭಾರ ಬಿದ್ದೊಡನೆ ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಗುಹಾನ್ವೇಷಕ ಬ್ರೂನೋ ಡ್ರೆಸ್ಲರ್ ಇದನ್ನು ಗವಿಗೆ ಒಗ್ಗಿಸಿ, ಲೋಹಕಾರ್ಮಿಕನಾಗಿದ್ದ ಪೆಟ್ಜಲ್‌ನಿಂದ 1968ರಲ್ಲಿ ಹೊಸ ಸಾಧನವೊಂದನ್ನು ಮಾಡಿಸಿದನು. ಅದೇ ‘ಕ್ರೋಲ್’. ಇದು ಎದೆಗೆ ಬಿಗಿದಿರುವಂಥದು. ಕೈಯಲ್ಲಿ ಇನ್ನೊಂದು ಹಿಡಿಕೆ, ಅದಕ್ಕೆ ಕಟ್ಟಿದ ಕುಣಿಕೆಯಲ್ಲಿ ಕಾಲು. ಆರೋಹಿ ಒಮ್ಮೆ ಕುಳಿತು ಒಮ್ಮೆ ನಿಂತು, ಕಂಬಳಿಹುಳುವಿನಂತೆ ಮೇಲೇರುತ್ತಾನೆ. ತೋಳಿನ ಶ್ರಮವನ್ನು ಕಾಲಿಗೆ ವರ್ಗಾಯಿಸಿದ ಈ ವಿಧಾನ ಬಳಲಿದವನ ಪ್ರಾಣವನ್ನು ಕಾಯಿತು.

ಹಗ್ಗದ ವಿಷಯದಲ್ಲಿಯೂ ವಿವೇಕ ಬೆಳೆಯಿತು. ಬಂಡೆಯೇರುವವನು ಬಿದ್ದಾಗ ಹಗ್ಗ ಹಿಗ್ಗಿ ಆಘಾತವನ್ನು ಹೀರಬೇಕು. ಗವಿಯಲ್ಲಿ ಅದೇ ಹಿಗ್ಗು ಅಪಾಯಕರ: ತೂಗಿದವನು ಮೇಲೆ ಕೆಳಗೆ ಓಲಾಡುತ್ತಾನೆ, ಹಗ್ಗ ಬಂಡೆಯಂಚಿಗೆ ಉಜ್ಜಿ ಸವೆಯುತ್ತದೆ. ಆದುದರಿಂದ ಹಿಗ್ಗು ಕಡಿಮೆಯಾದ, ಸವೆತವನ್ನು ತಾಳಬಲ್ಲ ಹಗ್ಗವನ್ನು ಗುಹಾನ್ವೇಷಕರು ಬಯಸಿದರು. ಅಮೆರಿಕದ ರಿಚರ್ಡ್ ನ್ಯೂವೆಲ್ 1969ರಲ್ಲಿ ‘ಬ್ಲೂವಾಟರ್’ ಹೆಸರಿನಲ್ಲಿ ಅಂಥ ಹಗ್ಗಗಳ ತಯಾರಿಕೆಗೆ ತೊಡಗಿದನು. ಇಂದು ಈ ಜಾತಿಯ ಹಗ್ಗಗಳು ಎತ್ತರದ ಶಿಖರಗಳ ಮಾರ್ಗದಲ್ಲಿ ಕಟ್ಟಿ ಬಿಡುವ ಸ್ಥಿರ ಹಗ್ಗಗಳಾಗಿಯೂ, ಅಪಾಯಕ್ಕೆ ಸಿಲುಕಿದವರ ರಕ್ಷಣೆಗೂ ಒದಗುತ್ತಿವೆ. ಒಂದು ಜಾತಿಯ ಹಗ್ಗದ ಕೆಲಸಕ್ಕೆ ಇನ್ನೊಂದನ್ನು ಬಳಸಿದರೆ ಅನಾಹುತ ತಪ್ಪದೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

ಬೆಳಕಿನ ಕಥೆಯೂ ಇಂಥದೇ. ಗವಿಯಲ್ಲಿ ಎರಡು ಕೈಗಳೂ ಹಗ್ಗಕ್ಕೆ ಮೀಸಲು. ಆದುದರಿಂದ ದೀಪವನ್ನು ತಲೆಯ ಮೇಲೆ ಧರಿಸಬೇಕಾಯಿತು. ಗವಿಯ ಸಾಧನಗಳಿಂದಲೇ ಬೆಳೆದ ಪೆಟ್ಜಲ್ ಸಂಸ್ಥೆ, ದೀಪವನ್ನೂ ಬ್ಯಾಟರಿಯನ್ನೂ ತಲೆಪಟ್ಟಿಯಲ್ಲೇ ಕೂಡಿಸಿದ ‘ಜೂಮ್’ ಎಂಬ ದೀಪವನ್ನು 1981ರಲ್ಲಿ ಹೊರತಂದಿತು. ನಸುಕಿಗೆ ಮುನ್ನವೇ ಹೊರಡುವ ಪರ್ವತಾರೋಹಿಗೆ ಅದು ವರವಾಯಿತು.

ಈ ಸಾಧನಗಳನ್ನು ಕೊಟ್ಟವರಿಗೆ ಮೆಚ್ಚುವ ಜನರ ಗುಂಪಾಗಲಿ, ಹಾರಿಸಲು ಪತಾಕೆಯಾಗಲಿ ಇರಲಿಲ್ಲ. ಕತ್ತಲಲ್ಲಿ ಜೊತೆಗಾರನು ಜೀವಂತವಾಗಿ ಮೇಲೆ ಬರಬೇಕೆಂಬ ಕಾಳಜಿಯೇ ಅವರ ಕೈಕೆಲಸಕ್ಕೆ ಪ್ರೇರಣೆಯಾಯಿತು. ಕಾಯಕವೆಂಬ ಮಾತಿಗೆ ಇದಕ್ಕಿಂತ ಒಪ್ಪುವ ನಿದರ್ಶನ ವಿರಳ. ಶಿಖರದ ಮೇಲೆ ನಿಂತವನ ಚಿತ್ರವನ್ನು ತೋರಿಸುವ ಉಪಾಧ್ಯಾಯರು, ಅವನ ಸೊಂಟದ ಹಗ್ಗ ಎಲ್ಲಿಂದ ಬಂತೆಂಬುದನ್ನೂ ತಿಳಿಸಿದರೆ ಪಾಠ ಪೂರ್ಣವಾಗುತ್ತದೆ.