ನಾಲ್ಕು ಎಸಳಿದ್ದರೆ ಸಾಸಿವೆಯೇ?

ಮಳೆಗಾಲ ಮುಗಿಯುವ ಹೊತ್ತಿಗೆ ಗಣೇಶಗುಡಿಯ ರಸ್ತೆಬದಿಯಲ್ಲಿ, ಗದ್ದೆಯ ಅಂಚಿನಲ್ಲಿ ನಾಲ್ಕು ಎಸಳಿನ ಸಣ್ಣ ಹೂಗಳು ಕಾಣುತ್ತವೆ. ಹೆಚ್ಚಿನವರು ಅವನ್ನೆಲ್ಲ 'ಕಾಡು ಸಾಸಿವೆ' ಎಂದುಬಿಡುತ್ತಾರೆ. ಆದರೆ ಅವುಗಳಲ್ಲಿ ಬಹಳಷ್ಟು ಸಾಸಿವೆ ಕುಟುಂಬದವೇ ಅಲ್ಲ. ನಿಜವಾದುದನ್ನು ಗುರುತಿಸುವುದು ಹೇಗೆ ಎಂದು ನೋಡೋಣ.

ಸಾಸಿವೆ, ಮೂಲಂಗಿ, ಎಲೆಕೋಸು, ಹೂಕೋಸು ಇವೆಲ್ಲ ಬ್ರಾಸಿಕೇಸಿ ಎಂಬ ಒಂದೇ ಕುಟುಂಬದವು. ಜಗತ್ತಿನಲ್ಲಿ ಈ ಕುಟುಂಬದ ಮೂರೂವರೆ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಹೆಚ್ಚಿನವು ತಂಪು ನಾಡಿನವು, ಬೆಟ್ಟದವು. ಪಶ್ಚಿಮ ಘಟ್ಟದ ಕಾಡಿನಲ್ಲಿ ತಾವಾಗಿಯೇ ಬೆಳೆಯುವವು ಕೆಲವೇ. ಅವುಗಳಲ್ಲಿ ಒಂದು ಕಾರ್ಡಮೈನ್ ಆಫ್ರಿಕಾನಾ. ಲಿನೇಯಸ್ 1753ರಲ್ಲಿ ಹೆಸರಿಟ್ಟ ಈ ಗಿಡ ಆಫ್ರಿಕಾದ ಬೆಟ್ಟಗಳಲ್ಲಿದೆ, ನಮ್ಮ ನೀಲಗಿರಿಯ ಶೋಲಾ ಕಾಡಿನ ನೆರಳಿನಲ್ಲೂ ಇದೆ. ಹೂ ಬಿಳಿ ಮತ್ತು ಚಿಕ್ಕದು. ಒಂದೊಂದು ಎಲೆಯೂ ಮೂರು ಕಿರುಎಲೆಗಳಾಗಿರುತ್ತದೆ.

ಈ ಕುಟುಂಬಕ್ಕೆ ನಾಲ್ಕು ಪರೀಕ್ಷೆಗಳಿವೆ.

1. ಹೂವಿನ ಕೆಳಗೆ ನಾಲ್ಕು ಪುಷ್ಪಪತ್ರ, ಮೇಲೆ ನಾಲ್ಕು ಎಸಳು. ಎಸಳುಗಳು ಕೂಡಿಸುವ ಚಿಹ್ನೆಯಂತೆ ಎದುರುಬದುರಾಗಿ ಇರಬೇಕು.
2. ಕೇಸರಗಳು ಆರು. ನಾಲ್ಕು ಉದ್ದ, ಎರಡು ಗಿಡ್ಡ.
3. ಕಾಯಿ ಎರಡು ಹೋಳಾಗಿ ಬಿರಿಯುತ್ತದೆ. ನಡುವೆ ತೆಳು ಪೊರೆಯ ಗೋಡೆ ಉಳಿಯುತ್ತದೆ.
4. ಅಂಡಾಶಯ ಎಸಳುಗಳಿಗಿಂತ ಮೇಲಿರುತ್ತದೆ, ಅಂದರೆ ಕಾಯಿ ಹೂವಿನ ಒಳಗಿನಿಂದ ಬೆಳೆಯುತ್ತದೆ.

ಒಂದೇ ಪರೀಕ್ಷೆ ಸಾಲದು. ಕಾರ್ಡಮೈನ್ ಹಿರ್ಸುಟಾ ಇದೇ ಕುಟುಂಬದ್ದಾದರೂ ಅದರಲ್ಲಿ ಹೆಚ್ಚಾಗಿ ನಾಲ್ಕೇ ಕೇಸರ ಇರುತ್ತವೆ. ಆದ್ದರಿಂದ ಕಾಯಿಯನ್ನೂ ನೋಡಲೇಬೇಕು.

ಅಭ್ಯಾಸಕ್ಕೆ ಕಾಡಿಗೆ ಹೋಗಬೇಕಿಲ್ಲ. ಅಡುಗೆಮನೆಯ ಸಾಸಿವೆಯನ್ನು ಕುಂಡದಲ್ಲಿ ಬಿತ್ತಿದರೆ ಸುಮಾರು ಒಂದೂವರೆ ಎರಡು ತಿಂಗಳಲ್ಲಿ ಹೂ ಬರುತ್ತದೆ. ಅದನ್ನು ಬಿಡಿಸಿ ಕೇಸರ ಎಣಿಸಿ.

ಈಗ ಮೋಸ ಮಾಡುವ ಮೂರು ಗಿಡಗಳನ್ನು ನೋಡೋಣ. ನಾಯಿಸಾಸಿವೆಗೆ ಹಳದಿಯ ನಾಲ್ಕೇ ಎಸಳು, ಉದ್ದ ಕಾಯಿ. ಆದರೆ ಗಿಡ ಮುಟ್ಟಿದರೆ ಅಂಟುತ್ತದೆ, ಎಸಳುಗಳು ಒಂದೇ ಬದಿಗೆ ವಾಲಿರುತ್ತವೆ, ಕೇಸರಗಳು ಆರಕ್ಕಿಂತ ಬಹಳ ಹೆಚ್ಚು. ನೀರು ನಿಂತ ಗದ್ದೆಯ ಲುಡ್ವಿಜಿಯಾಕ್ಕೂ ನಾಲ್ಕು ಹಳದಿ ಎಸಳಿರುತ್ತವೆ. ಆದರೆ ಅದರ ಕಾಯಿ ಎಸಳುಗಳ ಕೆಳಗೆ ಬೆಳೆಯುತ್ತದೆ.

ಮೂರನೆಯದು ಅರಿಸಿನ ದತ್ತೂರಿ, ಅಂದರೆ ಆರ್ಜಿಮೋನ್. ಮೈತುಂಬ ಮುಳ್ಳು, ಮುರಿದರೆ ಹಳದಿ ಹಾಲು, ಹೂವಿನಲ್ಲಿ ನಾಲ್ಕರಿಂದ ಆರು ಎಸಳು. ಗಿಡ ನೋಡಿದರೆ ಯಾರಿಗೂ ಗೊತ್ತಾಗುತ್ತದೆ. ಆದರೆ ಅದರ ಬೀಜ ಸಾಸಿವೆಯಂತೆಯೇ ಕಾಣುತ್ತದೆ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ಸುಮಾರು 60 ಜನ ಸತ್ತರು, ಸಾವಿರಾರು ಜನ ಆಸ್ಪತ್ರೆ ಸೇರಿದರು. ಗಿಡ ಗುರುತಿಸುವುದು ಜೀವಶಾಸ್ತ್ರ ಓದುವವರ ಕೆಲಸ ಮಾತ್ರ ಎಂದು ನಾವು ವಾಣಿಜ್ಯ ವಿಭಾಗದವರು ತಿಳಿಯಬಾರದು. ನಾಳೆ ಅಂಗಡಿಯಲ್ಲಿ ಕುಳಿತು ಸಾಸಿವೆ ಕೊಳ್ಳುವವರು, ಮಾರುವವರು ನಾವೇ.

ಇನ್ನೊಂದು ಸಂಬಂಧವೂ ಇದೆ. ವೋಚರ್ ಇಲ್ಲದೆ ಲೆಕ್ಕಪುಸ್ತಕದಲ್ಲಿ ದಾಖಲೆ ಮಾಡಬಾರದು ಎಂದು ನಾವು ಕಲಿಯುತ್ತೇವೆ. ಸಸ್ಯಶಾಸ್ತ್ರಜ್ಞರೂ ಒಣಗಿಸಿ ಹಾಳೆಗೆ ಅಂಟಿಸಿದ ಗಿಡದ ಮಾದರಿಯನ್ನು ವೋಚರ್ ಎಂದೇ ಕರೆಯುತ್ತಾರೆ. ಇಂಥ ಊರಿನಲ್ಲಿ ಇಂಥ ಗಿಡ ಸಿಕ್ಕಿತು ಎಂಬುದಕ್ಕೆ ಆ ಹಾಳೆಯೇ ಸಾಕ್ಷಿ. ಸಲ್ಡಾನಾ ಅವರ 'ಫ್ಲೋರಾ ಆಫ್ ಕರ್ನಾಟಕ'ದಂಥ ಪುಸ್ತಕಗಳು ನಿಂತಿರುವುದು ಇಂಥ ಹಾಳೆಗಳ ಮೇಲೆ. ಕುರಾನಿನ ಅಂಬಿಯಾ ಅಧ್ಯಾಯದಲ್ಲಿ ಸಾಸಿವೆ ಕಾಳಿನಷ್ಟು ಕರ್ಮವೂ ಲೆಕ್ಕಕ್ಕೆ ಬರುತ್ತದೆ ಎಂಬ ಮಾತಿದೆ. ಗಿಡದ ವಿಷಯದಲ್ಲೂ ಲೆಕ್ಕ ಅಷ್ಟೇ ನಿಖರವಾಗಿರಬೇಕು.

ಹಾಗೆಂದು ನಾವು ಗಿಡ ಕೀಳಬಾರದು. ಅಪರೂಪದ ಗಿಡವಾದರೆ ನಾವು ಕಿತ್ತದ್ದೇ ಅಲ್ಲಿನ ಕೊನೆಯದಾಗಿರಬಹುದು. ನಮ್ಮ ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಅಲ್ಲಿ ಅನುಮತಿ ಇಲ್ಲದೆ ಗಿಡ ತೆಗೆಯುವುದು ಅಪರಾಧ. ನಮ್ಮ ವೋಚರ್ ಮೊಬೈಲ್ ಫೋಟೋ ಆಗಲಿ. ಇಡೀ ಗಿಡ, ಎಲೆ, ಎದುರಿನಿಂದ ಹೂ, ಬದಿಯಿಂದ ಹೂ, ಕಾಯಿ ಹೀಗೆ ಐದು ಫೋಟೋ ಸಾಕು. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ಕಾರ್ಡಮೈನ್‌ನ ಬಲಿತ ಕಾಯಿ ಮುಟ್ಟಿದೊಡನೆ ಸಿಡಿದು ಬೀಜ ಎರಚುತ್ತದೆ, ಆದ್ದರಿಂದ ಮೊದಲು ಫೋಟೋ, ಆಮೇಲೆ ಮುಟ್ಟುವುದು. ದಿನಾಂಕ, ಸ್ಥಳ, ನೆಲ ಒದ್ದೆಯೋ ಒಣವೋ ಬರೆದಿಡಿ. ಗೊತ್ತಿಲ್ಲದ ಗಿಡವನ್ನು ರುಚಿ ನೋಡಬೇಡಿ.

ಇಷ್ಟಾದರೂ ಹೆಸರು ಖಚಿತವಾಗದಿದ್ದರೆ? ತಾಳೆಪಟ್ಟಿ ಸರಿಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ, ತಪ್ಪು ಸಿಗುವವರೆಗೆ ಹುಡುಕುತ್ತೇವೆ. ಗಿಡಕ್ಕೂ ಹಾಗೆಯೇ ಮಾಡಿ. ಹೆಸರಿನ ಜಾಗ ಖಾಲಿ ಬಿಟ್ಟು, ಫೋಟೋಗಳನ್ನು ನಮ್ಮ ಜೀವಶಾಸ್ತ್ರ ಉಪನ್ಯಾಸಕರಿಗೆ ತೋರಿಸಿ.